ಅಲ್ಲಮನಿಗೆ ಮದುವೆಯಾಗಿತ್ತೆ? ಶರಣರ ಕಥೆಗಳ ಪೂರ್ವಾಪರ

(ಉಪನ್ಯಾಸವೊಂದರ ಬರಹರೂಪ)



ಅಲ್ಲಮಪ್ರಭುವಿಗೆ ಮದುವೆಯಾಗಿತ್ತೆ, ಇಲ್ಲವೆ? ಹರಿಹರನನ್ನು ಕೇಳಿದರೆ ಆಗಿತ್ತು ಎನ್ನುತ್ತಾನೆ. ಚಾಮರಸನನ್ನು ಕೇಳಿದರೆ ಇಲ್ಲವೇ ಇಲ್ಲ ಎನ್ನುತ್ತಾನೆ. ಬಸವಣ್ಣ ಮನೆ ಬಿಟ್ಟು ಹೊರಟಾಗ ತಂದೆತಾಯಿ ಬದುಕಿದ್ದರೆ? ಹರಿಹರನ ಪ್ರಕಾರ ಅವರು ಆಗಲೇ ತೀರಿಕೊಂಡಿದ್ದರು. ತೆಲುಗಿನ ಪಾಲ್ಕುರಿಕೆ ಸೋಮನಾಥನ ಪ್ರಕಾರ ಬದುಕಿದ್ದರು, ಮಗನೊಡನೆ ವಾದಕ್ಕೂ ನಿಂತಿದ್ದರು. ಬಸವಣ್ಣ ಬಿಜ್ಜಳನ ಕೆಲಸಕ್ಕೆ ಸೇರಿದ್ದು ಮಂಗಳವಾಡದಲ್ಲೋ ಕಲ್ಯಾಣದಲ್ಲೋ? ಅದಕ್ಕೂ ಎರಡು ಉತ್ತರ.

ಇವು ಪಂಡಿತರ ಹರಟೆಯ ಪ್ರಶ್ನೆಗಳು ಎಂದು ಬಿಡುವಂತಿಲ್ಲ. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಗಳಲ್ಲಿ ಇವು ಊರ ಪ್ರಶ್ನೆಗಳು. ಬಾಗೇವಾಡಿ ಬಸವಣ್ಣನ ಊರು. ಹಳೆಯ ಸಿಂದಗಿ ತಾಲೂಕಿನಲ್ಲಿದ್ದ ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರು. ಮುದ್ದೇಬಿಹಾಳ ತಾಲೂಕಿನ ತಂಗಡಗಿ, ಕೃಷ್ಣೆಯ ದಂಡೆಯಲ್ಲಿ ನೀಲಾಂಬಿಕೆ ಐಕ್ಯಳಾದ ಸ್ಥಳವೆಂದು ಜನ ನಡೆದುಕೊಳ್ಳುವ ಊರು. ಹಳೆಯ ಇಂಡಿ ತಾಲೂಕಿನ ತದ್ದೇವಾಡಿಯ ಹೆಸರೇ ಶಾಸನಗಳ ತರ್ದವಾಡಿ ಸಾವಿರ ನಾಡಿಗೆ ಬಂದದ್ದು. ಬಾಗೇವಾಡಿ ಆ ನಾಡಿಗೆ ಸೇರಿತ್ತು. ಇಲ್ಲಿ ಕಥೆಯ ಹಿಂದುಮುಂದು ಬದಲಾದರೆ ಯಾವುದೋ ಒಂದು ಊರಿನ ಜಾತ್ರೆಗೆ, ಒಂದು ಗದ್ದುಗೆಗೆ, ಒಂದು ಮನೆತನದ ಹೆಮ್ಮೆಗೆ ತಾಗುತ್ತದೆ.

ಒಂದು ಕಥೆಯಲ್ಲಿ ಹೇಳಿದ್ದು ಇನ್ನೊಂದು ಕಥೆಯಲ್ಲಿ ಹೇಳಿದ್ದಕ್ಕೆ ಹೊಂದಬೇಕು ಎಂಬ ಬಯಕೆಗೆ ‘ಪೂರ್ವಾಪರ’ ಎಂಬ ಒಳ್ಳೆಯ ಮಾತು ಕನ್ನಡದಲ್ಲಿದೆ. ಈ ಬಯಕೆ ಎಲ್ಲ ಕಾಲದ ಕೇಳುಗರಿಗೂ ಇತ್ತು. ಅದು ಇವತ್ತು ಅತ್ಯಂತ ಗಟ್ಟಿಯಾಗಿ ಕೇಳಿಸುವುದು ಮಾತ್ರ ಯಾರೂ ನಿರೀಕ್ಷಿಸದ ಜಾಗದಲ್ಲಿ: ಅಮೆರಿಕದ ಕಾಮಿಕ್ಸ್ ಪುಸ್ತಕಗಳಲ್ಲಿ. ಆ ಜಗಳವನ್ನು ಮೊದಲು ನೋಡಿದರೆ ಮನೆಯ ಜಗಳ ಇನ್ನಷ್ಟು ತಿಳಿಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕಾಮಿಕ್ಸಿನ ವೀರರು ಕಲ್ಪನೆಯವರು, ಶರಣರು ಈ ನೆಲದ ಮೇಲೆ ನಡೆದಾಡಿದವರು. ಇಲ್ಲಿ ಹೋಲಿಸುತ್ತಿರುವುದು ಕಥೆಗಳನ್ನು ಹೊಂದಿಸುವ ಬಗೆಯನ್ನೇ ಹೊರತು ವ್ಯಕ್ತಿಗಳನ್ನಲ್ಲ.

ಇಬ್ಬರು ಫ್ಲ್ಯಾಶ್‌ಗಳು

ಕನ್ನಡದ ಓದುಗರಿಗೆ ಕಾಮಿಕ್ಸ್ ಎಂದೊಡನೆ ನೆನಪಾಗುವವನು ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಖವಾಡದ ವೀರ, 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಕನ್ನಡದ ಮನೆಗಳಿಗೂ ಬಂದ. ನಾನೂರು ವರ್ಷದಿಂದ ಒಬ್ಬನೇ ಮನುಷ್ಯ ಹೇಗೆ ಬದುಕಿದ್ದಾನೆ? ಕಾಡಿನ ಜನ ಅವನಿಗೆ ಸಾವಿಲ್ಲ ಎಂದು ನಂಬುತ್ತಾರೆ. ಓದುಗನಿಗೆ ಮಾತ್ರ ಗುಟ್ಟು ಗೊತ್ತು: ತಂದೆ ಸತ್ತರೆ ಮಗ ಅದೇ ಮುಖವಾಡ ತೊಡುತ್ತಾನೆ, ಈಗಿನವನು ಇಪ್ಪತ್ತೊಂದನೆಯವನು. ಕಾಲದ ತೊಡಕನ್ನು ಫಾಕ್ ಮೊದಲೇ ಯೋಚಿಸಿ ಕಥೆಯ ಒಳಗೇ ಬಿಡಿಸಿಟ್ಟಿದ್ದ.

ಉಳಿದವರು ಹೀಗೆ ಯೋಚಿಸಿರಲಿಲ್ಲ. ಸೂಪರ್‌ಮ್ಯಾನ್ 1938ರಲ್ಲಿ ಬಂದ, ಬ್ಯಾಟ್‌ಮ್ಯಾನ್ 1939ರಲ್ಲಿ. ಮೊದಮೊದಲು ಒಬ್ಬೊಬ್ಬರಿಗೆ ಒಂದೊಂದು ಊರು, ಒಂದೊಂದು ಕಥೆ. ಒಬ್ಬನ ಕಥೆಯಲ್ಲಿ ಏನಾಯಿತು ಎಂಬುದು ಇನ್ನೊಬ್ಬನಿಗೆ ಬೇಕಾಗಿರಲಿಲ್ಲ. 1940ರ ಕೊನೆಗೆ ಒಂದು ಪತ್ರಿಕೆ ಬೇರೆ ಬೇರೆ ಕಥೆಗಳ ವೀರರನ್ನು ಕರೆತಂದು ಒಂದೇ ಮೇಜಿನ ಸುತ್ತ ಕೂರಿಸಿತು. ಆ ಸಭೆಗೆ ‘ಜಸ್ಟಿಸ್ ಸೊಸೈಟಿ’ ಎಂದು ಹೆಸರು. ಓದುಗರಿಗೆ ಹಬ್ಬವಾಯಿತು. ತೊಡಕು ಹುಟ್ಟಿದ್ದೂ ಅಲ್ಲಿಯೇ. ಒಂದೇ ಮೇಜಿನಲ್ಲಿ ಕುಳಿತವರು ಒಂದೇ ಲೋಕದವರಾಗಬೇಕು, ಒಂದೇ ಲೋಕಕ್ಕೆ ಒಂದೇ ಕಾಲಗಣನೆ ಬೇಕು.

ಮಿಂಚಿನ ವೇಗದ ಫ್ಲ್ಯಾಶ್ ಎಂಬ ವೀರ 1940ರಲ್ಲಿ ಬಂದಿದ್ದ. 1956ರಲ್ಲಿ ಅದೇ ಹೆಸರಿನಲ್ಲಿ ಹೊಸ ಮನುಷ್ಯ, ಹೊಸ ಉಡುಪು, ಹೊಸ ಕಥೆ ಬಂತು. ಹಾಗಾದರೆ ಹಳಬ ಎಲ್ಲಿ ಹೋದ? 1961ರಲ್ಲಿ ಗಾರ್ಡನರ್ ಫಾಕ್ಸ್ ಎಂಬ ಲೇಖಕ ಇಬ್ಬರನ್ನೂ ಭೇಟಿ ಮಾಡಿಸಿದ. ಹಳಬ ಒಂದು ಭೂಮಿಯವನು, ಹೊಸಬ ಇನ್ನೊಂದು ಭೂಮಿಯವನು, ಎರಡೂ ಭೂಮಿಗಳು ಒಂದೇ ಜಾಗದಲ್ಲಿ ಒಂದಕ್ಕೊಂದು ಕಾಣದಂತೆ ಇವೆ ಎಂದು ವಿವರಿಸಿದ. ಎರಡೂ ಕಥೆ ನಿಜವಾದವು, ಯಾರಿಗೂ ಅವಮಾನವಾಗಲಿಲ್ಲ.

ಹೀಗೆ ಭೂಮಿಗಳು ಹೆಚ್ಚುತ್ತ ಹೋದವು. ಹೊಸ ಓದುಗರಿಗೆ ತಲೆ ಕೆಟ್ಟಿತು. 1985-86ರಲ್ಲಿ ಪ್ರಕಾಶಕರು ಹನ್ನೆರಡು ಸಂಚಿಕೆಗಳ ಒಂದು ದೊಡ್ಡ ಕಥೆ ತಂದು ಎಲ್ಲ ಭೂಮಿಗಳನ್ನೂ ಒಡೆದು ಒಂದೇ ಮಾಡಿದರು. ಹಲವು ವೀರರು ಸತ್ತರು, ಹಲವು ಕಥೆಗಳು ನಡೆದೇ ಇಲ್ಲವೆಂದಾಯಿತು. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಅಳಿಸಿದ ಲೋಕಗಳು ಮತ್ತೆ ಬಂದವು. 2011ರಲ್ಲಿ ಮತ್ತೊಮ್ಮೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು. ಅಳಿಸಿದ್ದನ್ನು ಓದುಗರು ಮರೆಯಲಿಲ್ಲ ಎಂಬುದೇ ಇದರ ಪಾಠ.

ಇನ್ನೊಂದು ಕಂಪನಿಯಾದ ಮಾರ್ವೆಲ್ ಬೇರೆ ದಾರಿ ಹಿಡಿಯಿತು. ಕಥೆಯಲ್ಲಿ ತಪ್ಪು ಕಂಡುಹಿಡಿದು ಬರೆದು, ಅದು ಹೇಗೆ ತಪ್ಪಲ್ಲ ಎಂದು ತಾನೇ ಸಮರ್ಥಿಸಿ ತೋರಿಸಿದ ಓದುಗನಿಗೆ ಒಂದು ಬಹುಮಾನ. ಆ ಬಹುಮಾನವೆಂದರೆ ಅಂಚೆಯಲ್ಲಿ ಬರುವ ಒಂದು ಖಾಲಿ ಲಕೋಟೆ! ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದು ಆಟವೆಂದು ಗೊತ್ತಿತ್ತು.

ಒಟ್ಟಿನಲ್ಲಿ ಹೊಂದದ ಎರಡು ಕಥೆ ಎದುರಾದಾಗ ಮೂರು ದಾರಿ. ಎರಡನ್ನೂ ಬೇರೆ ಬೇರೆ ಲೋಕವೆಂದು ಉಳಿಸಿಕೊಳ್ಳುವುದು ಒಂದು. ಜಾಣ ವಿವರಣೆಯಿಂದ ಸಮನ್ವಯ ಮಾಡುವುದು ಎರಡು. ಹಿಂದಿನದನ್ನು ತಿದ್ದಿ ಹೊಸದಾಗಿ ಬರೆಯುವುದು ಮೂರು. ಈ ಮೂರನ್ನೂ ಕನ್ನಡದವರು ಕಾಮಿಕ್ಸಿಗಿಂತ ಐನೂರು ವರ್ಷ ಮೊದಲೇ ಮಾಡಿ ನೋಡಿದ್ದಾರೆ.

ರಗಳೆಯಿಂದ ಮಂಟಪಕ್ಕೆ

ಹರಿಹರ ಶರಣರ ಕಾಲಕ್ಕೆ ಬಹಳ ಹತ್ತಿರದವನು. ಅವನು ಒಬ್ಬೊಬ್ಬ ಶರಣರಿಗೆ ಒಂದೊಂದು ರಗಳೆ ಬರೆದ. ಬಸವಣ್ಣನಿಗೊಂದು, ಪ್ರಭುದೇವನಿಗೊಂದು, ಮಹಾದೇವಿಯಕ್ಕನಿಗೊಂದು. ಒಂದು ರಗಳೆಯ ಕಥೆ ಇನ್ನೊಂದು ರಗಳೆಗೆ ಹೊಂದಬೇಕೆಂಬ ಚಿಂತೆ ಅವನನ್ನು ಕಾಡಿದಂತೆ ಕಾಣುವುದಿಲ್ಲ. ಅವನ ಅಲ್ಲಮ ಮದ್ದಳೆ ಬಾರಿಸುವ ಕಲಾವಿದ. ಕಮಲತೆಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಆಕೆ ಜ್ವರ ಬಂದು ತೀರಿಕೊಳ್ಳುತ್ತಾಳೆ. ದುಃಖದಲ್ಲಿ ಹುಚ್ಚನಂತೆ ಅಲೆಯುವವನಿಗೆ ನೆಲದೊಳಗೆ ಹುದುಗಿದ್ದ ಗುಡಿಯಲ್ಲಿ ಅನಿಮಿಷಯ್ಯ ಸಿಗುತ್ತಾನೆ, ಅವನ ಕೈಯ ಲಿಂಗ ಇವನ ಕೈಗೆ ಬರುತ್ತದೆ. ಸಂಸಾರದ ಸಂಕಟದಿಂದಲೇ ಬಯಲಿಗೆ ದಾರಿ ಸಿಕ್ಕ ಕಥೆ ಇದು.

ಎರಡು ಶತಮಾನ ಕಳೆದ ಮೇಲೆ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಚಾಮರಸ ಪ್ರಭುಲಿಂಗಲೀಲೆಯನ್ನು ಬರೆದ. ಅಲ್ಲಿ ಹೆಣ್ಣಿನ ಹೆಸರು ಮಾಯೆ. ಅಲ್ಲಮನನ್ನು ಗೆಲ್ಲಲೆಂದೇ ಪಾರ್ವತಿಯ ಅಂಶದಿಂದ ಬನವಸೆಯಲ್ಲಿ ರಾಜಕುಮಾರಿಯಾಗಿ ಹುಟ್ಟಿದವಳು. ಎಷ್ಟು ಬೆನ್ನುಹತ್ತಿದರೂ ಅಲ್ಲಮ ಅವಳ ಕೈಗೆ ಸಿಗುವುದಿಲ್ಲ. ಪ್ರೀತಿಸಿ ಕಳೆದುಕೊಂಡವನು ಹೋಗಿ, ಎಂದೂ ಸೋಲದವನು ಬಂದ. ಅಕ್ಕಮಹಾದೇವಿಯ ಕಥೆಯಲ್ಲೂ ಹೀಗೇ ಆಯಿತು. ಹರಿಹರನಲ್ಲಿ ಆಕೆ ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ. ಚಾಮರಸನಲ್ಲಿ ಆ ಮದುವೆಯೇ ಇಲ್ಲ.

ಈ ಎರಡು ಶತಮಾನಗಳಲ್ಲಿ ಬದಲಾದದ್ದೇನು? ಶರಣರು ಒಂದೇ ಮಂಟಪದಲ್ಲಿ ಕುಳಿತಿದ್ದರು. ಹರಿಹರ ಅನುಭವ ಮಂಟಪವನ್ನು ಹೆಸರಿಸುವುದಿಲ್ಲ. ಹದಿನೈದನೆಯ ಶತಮಾನದ ಕೃತಿಗಳಲ್ಲಿ ಅದು ನಡುಮನೆಯಾಗಿದೆ. ಅಲ್ಲಮ ಅಲ್ಲಿ ಶೂನ್ಯಸಿಂಹಾಸನದ ಮೇಲೆ ಕುಳಿತು ಬಂದವರನ್ನೆಲ್ಲ ಪರೀಕ್ಷಿಸುವ ಗುರು. ಅಕ್ಕನನ್ನೂ ಸಿದ್ಧರಾಮನನ್ನೂ ಒರೆಗೆ ಹಚ್ಚುವವನು ಹೆಣ್ಣೊಬ್ಬಳಿಗಾಗಿ ಅಳುತ್ತ ಅಲೆದಿದ್ದ ಎಂದರೆ ಆ ಕಾಲದ ಭಕ್ತರ ಕಣ್ಣಿಗೆ ಹೊಂದಲಿಲ್ಲ. ಏರಿದ ಪೀಠ ಹಿಂದಿನ ಬದುಕನ್ನು ತಿದ್ದಿಸಿತು. ಅಮೆರಿಕದ ಮೇಜಿಗೂ ಕಲ್ಯಾಣದ ಮಂಟಪಕ್ಕೂ ಇರುವ ಹೋಲಿಕೆ ಇದೊಂದೇ: ಕೂಡಿ ಕುಳಿತ ದಿನವೇ ಪೂರ್ವಾಪರದ ಪ್ರಶ್ನೆ ಏಳುತ್ತದೆ.

ಸಿದ್ಧರಾಮನ ದೀಕ್ಷೆ

ಈ ಪ್ರಶ್ನೆಗೆ ಅತ್ಯಂತ ದೊಡ್ಡ ಉತ್ತರ ಕೊಟ್ಟ ಕೃತಿ ಶೂನ್ಯಸಂಪಾದನೆ. ವಚನಗಳಿಗೆ ತಾರೀಖು ಇಲ್ಲ. ಯಾವ ಸಂದರ್ಭದಲ್ಲಿ, ಯಾರ ಮಾತಿಗೆ ಉತ್ತರವಾಗಿ ಹೇಳಿದ್ದು ಎಂಬ ಟಿಪ್ಪಣಿ ಇಲ್ಲ. ಅಂಕಿತ ನೋಡಿ ಯಾರದೆಂದು ತಿಳಿಯಬೇಕು, ಅಷ್ಟೇ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಇಂಥ ಬಿಡಿ ವಚನಗಳಲ್ಲಿ ಸುಮಾರು ಒಂದು ಸಾವಿರವನ್ನು ಆರಿಸಿ, ನಡುನಡುವೆ ಗದ್ಯದ ಎಳೆ ಹಾಕಿ, ಶರಣರ ಸಂವಾದವಾಗಿ ಜೋಡಿಸಿದ. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು, ಯಾರು ಏನು ಕೇಳಿದರು, ಯಾರು ಏನು ಹೇಳಿದರು ಎಂಬುದಕ್ಕೆ ಒಂದು ಕ್ರಮ ಬಂತು. ಬಿಡಿಯಾಗಿದ್ದ ಮಾತುಗಳಿಗೆ ಕಾಲ ಮತ್ತು ಸ್ಥಳ ಸಿಕ್ಕಿದ್ದು ಹೀಗೆ.

ಕ್ರಮ ಬಂದೊಡನೆ ತಕರಾರೂ ಬಂತು. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು, ದೊಡ್ಡ ಶಿವಯೋಗಿ. ಅಲ್ಲಮ ಅವನನ್ನು ಕಲ್ಯಾಣಕ್ಕೆ ಕರೆತರುತ್ತಾನೆ. ಆದರೆ ಮಹಾದೇವಯ್ಯನ ಸಂಪಾದನೆಯಲ್ಲಿ ಅವನಿಗೆ ಇಷ್ಟಲಿಂಗ ದೀಕ್ಷೆಯಾದ ಮಾತಿಲ್ಲ. ಮೈಮೇಲೆ ಲಿಂಗವಿಲ್ಲದವನು ಶರಣರ ನಡುವೆ ಹೇಗೆ ಕುಳಿತ? ಇದು ಹಲಗೆಯಾರ್ಯನಿಗೆ ಒಪ್ಪಿಗೆಯಾಗಲಿಲ್ಲ. ಅವನು ಸಿದ್ಧರಾಮನಿಗೆ ಚೆನ್ನಬಸವಣ್ಣನಿಂದ ದೀಕ್ಷೆಯಾದ ಪ್ರಸಂಗವನ್ನು ಸೇರಿಸಿ ಎರಡನೆಯ ಶೂನ್ಯಸಂಪಾದನೆ ರಚಿಸಿದ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗ ಮೂರನೆಯದನ್ನು ಜೋಡಿಸಿದ. ಹದಿನಾರನೆಯ ಶತಮಾನದಲ್ಲಿ ಗೂಳೂರು ಸಿದ್ಧವೀರಣ್ಣ ನಾಲ್ಕನೆಯದನ್ನು ಸಿದ್ಧಪಡಿಸಿದ. ಅದರಲ್ಲಿ ಸುಮಾರು ಒಂದೂವರೆ ಸಾವಿರ ವಚನಗಳಿವೆ, ನಾಥಪಂಥದ ಗೋರಕ್ಷನೂ ಬಂದು ಅಲ್ಲಮನಿಗೆ ಎದುರಾಗುತ್ತಾನೆ.

ಹಲಗೆಯಾರ್ಯ ಎತ್ತಿದ್ದು ಮೇಲ್ನೋಟಕ್ಕೆ ಘಟನೆಗಳ ಕ್ರಮದ ಪ್ರಶ್ನೆ: ದೀಕ್ಷೆ ಮೊದಲೋ ಮಂಟಪ ಮೊದಲೋ? ಒಳಗಿದ್ದದ್ದು ತತ್ವದ ಪ್ರಶ್ನೆ: ಯಾರು ನಮ್ಮವರು, ಯಾವ ಗುರುತಿನಿಂದ ನಮ್ಮವರು? ಕಥೆಯ ಹಿಂದುಮುಂದಿನ ಬಗ್ಗೆ ಜನ ಬಿಸಿಯಾಗಿ ವಾದಿಸುವಲ್ಲೆಲ್ಲ ಹೀಗೇ. ಕೆಳಗೆ ಅಗೆದರೆ ಯಾವುದೋ ನಂಬಿಕೆಯ ಬೇರು ಸಿಗುತ್ತದೆ.

ಇನ್ನೂ ಮುಖ್ಯವಾದ ಸಂಗತಿ ಬೇರೆ ಇದೆ. ಹಲಗೆಯಾರ್ಯನ ತಿದ್ದುಪಡಿ ಬಂತೆಂದು ಮಹಾದೇವಯ್ಯನ ಓಲೆಗಳು ಇಲ್ಲವಾಗಲಿಲ್ಲ. ಚಾಮರಸ ಜನಪ್ರಿಯನಾದನೆಂದು ಹರಿಹರನ ರಗಳೆಯ ಪ್ರತಿ ಮಾಡುವುದನ್ನು ಲಿಪಿಕಾರರು ಬಿಡಲಿಲ್ಲ. ಒಪ್ಪದವನು ತನ್ನದೇ ಹೆಸರಿನಲ್ಲಿ ಇನ್ನೊಂದು ಗ್ರಂಥ ಬರೆದ, ಹಿಂದಿನದು ಪಕ್ಕದ ಕಟ್ಟಿನಲ್ಲಿ ಹಾಗೇ ಉಳಿಯಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನೂ 1930ರಲ್ಲಿ ಶೂನ್ಯಸಂಪಾದನೆಯನ್ನೂ ಅಚ್ಚು ಹಾಕಿಸಲು ಸಾಧ್ಯವಾದದ್ದು ಮಠ ಮನೆಗಳಲ್ಲಿ ಆ ಕಟ್ಟುಗಳು ಉಳಿದಿದ್ದರಿಂದ. ನಾಲ್ಕೂ ಸಂಪಾದನೆಗಳು ಇವತ್ತು ಓದುಗನ ಕೈಗೆ ಸಿಗುತ್ತವೆ. ಯಾವುದರಲ್ಲಿ ಏನು ಸೇರಿತು ಎಂಬುದನ್ನು ಅವನೇ ಹೋಲಿಸಿ ನೋಡಬಹುದು.

ತವರೂರಿನ ಉತ್ತರ

ಇನ್ನು ಸಮನ್ವಯದ ದಾರಿ. ಅದಕ್ಕೆ ಬಾಗೇವಾಡಿಯ ನೆರೆಯ ಇಂಗಳೇಶ್ವರವೇ ಸಾಕ್ಷಿ. ಹರಿಹರ ಬಸವಣ್ಣನ ಊರು ಬಾಗೇವಾಡಿ ಎನ್ನುತ್ತಾನೆ. ಇಂಗಳೇಶ್ವರವೇ ಹುಟ್ಟಿದ ಊರು ಎನ್ನುವವರೂ ಇದ್ದಾರೆ. ಊರಿನ ಹಿರಿಯರ ಬಳಿ ಇದಕ್ಕೆ ಸುಲಭದ ಉತ್ತರವಿದೆ. ಇಂಗಳೇಶ್ವರ ತಾಯಿ ಮಾದಲಾಂಬಿಕೆಯ ತವರು, ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಈ ಕಡೆಯ ರೂಢಿ. ಹುಟ್ಟಿದ್ದು ಅಲ್ಲಿ, ಬೆಳೆದದ್ದು ಇಲ್ಲಿ. ಎರಡೂ ಊರಿಗೆ ಸಮಾಧಾನ. ಖಾಲಿ ಲಕೋಟೆಯ ಬಹುಮಾನಕ್ಕೆ ಇದಕ್ಕಿಂತ ಯೋಗ್ಯ ವಿವರಣೆ ಸಿಗಲಿಕ್ಕಿಲ್ಲ!

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ ಎಂದು ಈ ವಾದವನ್ನು ಇನ್ನೂ ಬಿಗಿ ಮಾಡುವವರಿಗೆ ಮಾತ್ರ ಒಂದು ಶಾಸನ ಅಡ್ಡ ಬರುತ್ತದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ಅದು, ಸೇವುಣರ ಕನ್ನರನ ಕಾಲದ್ದು. ಅದು ತರ್ದವಾಡಿ ನಾಡಿನ ಬಾಗೇವಾಡಿಯನ್ನು ಹೆಸರಿಸುತ್ತದೆ, ಮಾದಿರಾಜನ ಮಗ ಬಸವರಾಜನನ್ನು ಹೆಸರಿಸುತ್ತದೆ, ದೇವರಾಜನೆಂಬ ಅಣ್ಣನಿದ್ದನೆಂದೂ ಹೇಳುತ್ತದೆ. ಕಾವ್ಯಗಳನ್ನು ಕೇಳಿ ಬೆಳೆದವರು ಅಕ್ಕನಾಗಮ್ಮನನ್ನು ಬಲ್ಲರು, ಈ ಅಣ್ಣನನ್ನು ಬಲ್ಲವರು ಕಡಿಮೆ.

ಕಲ್ಲು ಹೇಳುವುದು

ಕಾಮಿಕ್ಸ್ ಲೋಕಕ್ಕೂ ಶರಣರ ಲೋಕಕ್ಕೂ ಇರುವ ದೊಡ್ಡ ಅಂತರ ಇಲ್ಲಿದೆ. ಸೂಪರ್‌ಮ್ಯಾನ್ ಎಂದು ಹುಟ್ಟಿದ ಎಂಬುದನ್ನು ಸಂಪಾದಕ ತೀರ್ಮಾನಿಸಬಹುದು, ಕಥೆಯ ಹೊರಗೆ ಅದಕ್ಕೆ ಸಾಕ್ಷಿ ಬೇಕಿಲ್ಲ. ಬಸವಣ್ಣನ ಕಾಲಕ್ಕೆ ಕಥೆಯ ಹೊರಗೂ ಸಾಕ್ಷಿಯಿದೆ. ಕಲ್ಲಿನ ಶಾಸನ ಪುರಾಣದ ಮಾತನ್ನು ಒಮ್ಮೆ ಒಪ್ಪುತ್ತದೆ, ಒಮ್ಮೆ ತಿದ್ದುತ್ತದೆ, ಒಮ್ಮೆ ಸುಮ್ಮನಿರುತ್ತದೆ.

ಒಪ್ಪಿದ್ದಕ್ಕೆ ಉದಾಹರಣೆ ಮಂಗಳವಾಡ. ಹರಿಹರನ ಬಸವಣ್ಣ ಕೂಡಲಸಂಗಮದಿಂದ ಹೋಗುವುದು ಮಂಗಳವಾಡಕ್ಕೆ, ಅಂದರೆ ಇಂಡಿ ಸೀಮೆಯಿಂದ ಭೀಮೆ ದಾಟಿದರೆ ಸಿಗುವ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಗೆ. ಸೋಮನಾಥ ಮತ್ತು 1369ರಲ್ಲಿ ಕನ್ನಡ ಬಸವಪುರಾಣ ಬರೆದ ಭೀಮಕವಿಯ ದಾರಿಯಲ್ಲಿ ನಡೆದವರಿಗೆ ಎಲ್ಲವೂ ಕಲ್ಯಾಣ. ಯಾರು ಸುಳ್ಳು? ಯಾರೂ ಅಲ್ಲ ಎಂಬುದು ಶಾಸನಗಳ ಉತ್ತರ. ಕಳಚುರಿ ಬಿಜ್ಜಳ ಮೊದಲು ಚಾಲುಕ್ಯರ ಅಧೀನದಲ್ಲಿ ತರ್ದವಾಡಿ ನಾಡನ್ನು ಆಳುತ್ತಿದ್ದ ಮಂಡಲೇಶ್ವರ, ಮಂಗಳವಾಡ ಅವನ ನೆಲೆ. 1150ರ ದಶಕದ ಕೊನೆಗೆ ಅಧಿಕಾರ ಅವನ ಕೈಗೆ ಬಂದ ಮೇಲೆ ಕಲ್ಯಾಣ. ಇಂಡಿ, ಬಾಗೇವಾಡಿ ಕಡೆಯ ಹುಡುಗನೊಬ್ಬ ತನ್ನ ನಾಡಿನ ಅಧಿಪತಿಯ ಬಳಿ ಕರಣಿಕನ ಕೆಲಸಕ್ಕೆ ಸೇರಿ, ಒಡೆಯ ಬೆಳೆದಂತೆ ತಾನೂ ಕಲ್ಯಾಣಕ್ಕೆ ಹೋದ ಎಂದರೆ ಎರಡು ಕಥೆ ಒಂದೇ ಬದುಕಿನ ಎರಡು ಘಟ್ಟವಾಗುತ್ತವೆ. ಇದು ಖಾಲಿ ಲಕೋಟೆಯ ಜಾಣತನವಲ್ಲ, ಇದಕ್ಕೆ ಆಧಾರವಿದೆ.

ಕಲ್ಲನ್ನು ಓದುವವರೂ ಎಡವುದುಂಟು. ಬಾಗೇವಾಡಿಗೆ ಹತ್ತಿರದ ಮನಗೂಳಿಯ ಹನ್ನೆರಡನೆಯ ಶತಮಾನದ ಶಾಸನದಲ್ಲಿ ಬಸವ ಎಂಬ ಶಿವಭಕ್ತನೊಬ್ಬನ ಹೆಸರಿದೆ, ಅವನ ತಂದೆ ಚಂದಿರಾಜ. ಶಾಸ್ತ್ರೀಯವಾಗಿ ಶಾಸನ ಓದಿದ ಮೊದಲಿಗರಲ್ಲಿ ಒಬ್ಬನಾದ ಜೆ.ಎಫ್. ಫ್ಲೀಟ್ ಪುರಾಣದ ಬಸವಣ್ಣನ ಹಿಂದೆ ಇರುವವನು ಇವನೇ ಇರಬಹುದೆಂದು ಊಹಿಸಿದ. ಮಾದಿರಾಜನ ಮಗ ಬಸವರಾಜನನ್ನು ಹೆಸರಿಸುವ ಅರ್ಜುನವಾಡದ ಶಾಸನ ಬೆಳಕಿಗೆ ಬಂದ ಮೇಲೆ ಆ ಊಹೆಗೆ ಬಲ ಉಳಿಯಲಿಲ್ಲ. ಹೊಸ ಸಾಕ್ಷಿ ಸಿಕ್ಕರೆ ಹಳೆಯ ತೀರ್ಮಾನ ಬಿಡಬೇಕು. ಇತಿಹಾಸದಲ್ಲಿ ತಿದ್ದುಪಡಿ ಎಂದರೆ ಇದು.

ಕಲ್ಲು ಸುಮ್ಮನಿರುವ ಜಾಗಗಳೂ ಇವೆ. ಬಸವಣ್ಣ ಹುಟ್ಟಿದ ವರ್ಷವನ್ನು 1105 ಎಂದವರಿದ್ದಾರೆ, 1131 ಎಂದವರಿದ್ದಾರೆ, 1134 ಎಂದವರೂ ಇದ್ದಾರೆ. ಕಲ್ಯಾಣದ ಕೊನೆಯ ದಿನಗಳ ಕ್ರಮವೂ ಹಾಗೇ. ಬಿಜ್ಜಳ 1167ರ ಹೊತ್ತಿಗೆ ಮಗ ಸೋವಿದೇವನಿಗೆ ಪಟ್ಟ ಬಿಟ್ಟುಕೊಟ್ಟದ್ದು ಶಾಸನಗಳಿಂದ ತಿಳಿಯುತ್ತದೆ. ವೀರಶೈವ ಪುರಾಣಗಳಲ್ಲಿ ಶರಣರು ಬಿಜ್ಜಳನನ್ನು ಕೊಂದ ಕಥೆಯಿದೆ. ಜೈನರ ಬಿಜ್ಜಳರಾಯ ಚರಿತೆಯಲ್ಲಿ ಇದೇ ಕೊನೆಯ ದಿನಗಳು ಬಸವಣ್ಣನಿಗೆ ಪ್ರತಿಕೂಲವಾದ ಇನ್ನೊಂದೇ ಕಥೆಯಾಗಿವೆ. ಸಂಗಮಕ್ಕೆ ಹೋದ ಬಸವಣ್ಣ ಹಡಪದ ಅಪ್ಪಣ್ಣನನ್ನು ಕಳಿಸಿ ನೀಲಾಂಬಿಕೆಯನ್ನು ಕರೆಸಿದ, ಆಕೆ ಹೊಳೆಯ ದಂಡೆಯ ತಂಗಡಗಿಯಲ್ಲೇ ಐಕ್ಯಳಾದಳು ಎಂದು ಮುದ್ದೇಬಿಹಾಳ ಸೀಮೆಯ ನೆನಪು ಹೇಳುತ್ತದೆ. ಇದಕ್ಕೆ ಶಾಸನವಿಲ್ಲ. ಶಾಸನವಿಲ್ಲವೆಂದು ತಂಗಡಗಿಗೆ ಹೋಗುವವರು ನಿಲ್ಲಬೇಕಾಗಿಲ್ಲ, ಅವರು ಹೋಗುತ್ತಾರೆಂದು ಅದು ಶಾಸನವಾಗುವುದೂ ಇಲ್ಲ. ನೆನಪು ನೆನಪಾಗಿಯೇ ದೊಡ್ಡದು.

ಬೆಲೆ ತೆತ್ತದ್ದು

ಹದಿನೈದನೆಯ ಶತಮಾನದಲ್ಲಿ ಒಂದರ ಪಕ್ಕ ಒಂದು ಬದುಕಿದ್ದ ಕಥೆಗಳು ಇಪ್ಪತ್ತನೆಯ ಶತಮಾನದ ಕೊನೆಗೆ ಬಂದಾಗ ಬೇರೆ ಗಾಳಿ ಬೀಸಿತು. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಶಾಸನ, ಓಲೆಗರಿ, ಜಾನಪದ ಮೂರನ್ನೂ ಹಿಡಿದು ಶರಣರ ಚರಿತ್ರೆಯ ಗಂಟುಗಳನ್ನು ಬಿಡಿಸಲು ಹೊರಟ ವಿದ್ವಾಂಸರು. ಅವರ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಚೆನ್ನಬಸವಣ್ಣನ ಹುಟ್ಟು ಮತ್ತು ನೀಲಾಂಬಿಕೆಯ ಬಾಳು ಕುರಿತ ಬರಹಗಳು ಕೋಲಾಹಲಕ್ಕೆ ಕಾರಣವಾದವು. 1989ರಲ್ಲಿ, ಒತ್ತಡ ತಾಳಲಾರದೆ, ಅವರು ಆ ಮಾತುಗಳನ್ನು ಹಿಂದಕ್ಕೆ ಪಡೆದರು. ಅವರ ವಾದ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಅದಕ್ಕೆ ಉತ್ತರವಾಗಿ ಇನ್ನೊಂದು ಪುಸ್ತಕ ಬರಬೇಕಿತ್ತು, ಹಲಗೆಯಾರ್ಯ ಮಾಡಿದ್ದು ಅದನ್ನೇ. ಇಲ್ಲಿ ಪುಸ್ತಕದ ಬದಲು ಬೆದರಿಕೆ ಬಂತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಎರಡು ಘಟನೆಗಳನ್ನು ನೇರವಾಗಿ ಗಂಟುಹಾಕುವಂತಿಲ್ಲ. ಆದರೆ ಹಳೆಯ ಕಥೆಯ ಪೂರ್ವಾಪರ ಕೇಳುವುದು ಅಪಾಯದ ಕೆಲಸವಾಗಬಾರದಿತ್ತು ಎಂಬುದಕ್ಕೆ ಈ ಜೀವನ ಸಾಕ್ಷಿ.

ಇನ್ನೊಂದು ಉದಾಹರಣೆ ತದ್ವಿರುದ್ಧ ದಿಕ್ಕಿನದು. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ವಚನಗಳ ‘ಕೂಡಲಸಂಗಮದೇವ’ ಎಂಬ ಅಂಕಿತದ ಜಾಗದಲ್ಲಿ ‘ಲಿಂಗದೇವ’ ಎಂದು ಬಳಸಿದರು. ಅದಕ್ಕೆ ಅವರು ತಾತ್ವಿಕ ಕಾರಣಗಳನ್ನೇ ಕೊಟ್ಟಿದ್ದರು. ಭಕ್ತರಲ್ಲಿ ಅಸಮಾಧಾನ ಎದ್ದಿತು. 1998ರಲ್ಲಿ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಅಂಕಿತ ಬದಲಾದರೆ ವಚನ ಯಾರದೆಂದು ಗುರುತಿಸುವ ಒಂದೇ ದಾರ ಕಡಿಯುತ್ತದೆ, ಮುಂದಿನ ಓದುಗನಿಗೆ ಮೂಲ ಸಿಗದೇ ಹೋಗಬಹುದು ಎಂಬ ಆತಂಕದಲ್ಲಿ ಹುರುಳಿದೆ. ಸರಕಾರ ಪುಸ್ತಕವನ್ನು ಹಿಡಿದಿಟ್ಟರೆ ವಾದವೇ ನಿಂತುಹೋಗುತ್ತದೆ ಎಂಬ ಆತಂಕದಲ್ಲೂ ಹುರುಳಿದೆ.

ಕಾಮಿಕ್ಸಿನ ಸಂಪಾದಕ ಒಂದು ಭೂಮಿಯನ್ನು ಅಳಿಸಿದರೆ ಓದುಗನಿಗೆ ಒಂದೆರಡು ದಿನ ಬೇಸರವಾಗುತ್ತದೆ. ಇಲ್ಲಿ ಒಂದು ಪಾಠವನ್ನು ಅಳಿಸಿದರೆ ಯಾರದೋ ನಿಜವಾದ ಬದುಕಿನ ಕುರುಹು ಹೋಗುತ್ತದೆ. ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿಸಿದರೆ ಆ ಕುರುಹನ್ನು ಹುಡುಕುವ ಕೈಯೂ ಹೋಗುತ್ತದೆ. ಹಳಬರ ಕ್ರಮ ಇದಕ್ಕಿಂತ ಗಟ್ಟಿಯಾದದ್ದು. ಮೂಲವನ್ನು ಮೂಲವಾಗಿ ಉಳಿಸು. ನಿನ್ನ ತಿದ್ದುಪಡಿಯನ್ನು ನಿನ್ನ ಹೆಸರಿನಲ್ಲಿ ಬರೆ. ಹಿಂದಿನವನ ಓಲೆಯನ್ನು ಸುಡಬೇಡ, ಮುಂದಿನವನ ಕೈ ಹಿಡಿಯಬೇಡ. ಇದನ್ನು ಅವರು ಎಲ್ಲೂ ಸೂತ್ರವಾಗಿ ಬರೆದಿಡಲಿಲ್ಲ, ನಾಲ್ಕು ಶೂನ್ಯಸಂಪಾದನೆಗಳನ್ನು ಉಳಿಸಿ ತೋರಿಸಿದರು.

ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದಂದಿನಿಂದ ಪ್ರತಿ ಅಕ್ಷಯ ತದಿಗೆಯಂದು ಬಸವಣ್ಣನ ಮೆರವಣಿಗೆ ಹೊರಡುತ್ತದೆ. ಅಂದು ಬಾಗೇವಾಡಿಯಲ್ಲೋ ಇಂಡಿಯಲ್ಲೋ ಒಬ್ಬ ಹುಡುಗ ಮಾಸ್ತರರನ್ನು ಕೇಳಬಹುದು: “ಸರ್, ಒಂದು ಪುಸ್ತಕದಾಗ 1131 ಅಂತ ಐತಿ, ಇನ್ನೊಂದರಾಗ 1134 ಅಂತ ಐತಿ. ಯಾವುದು ಖರೆ?” ಸುಮ್ಮನಿರು ಎಂದು ಗದರಿಸುವುದು ಸುಲಭ. ಪರೀಕ್ಷೆಯಲ್ಲಿ ಇದನ್ನೇ ಬರಿ ಎಂದು ಒಂದನ್ನು ಹೇಳಿ ಮುಗಿಸುವುದೂ ಸುಲಭ. ಎರಡನ್ನೂ ಫಲಕದ ಮೇಲೆ ಬರೆದು, ಇದನ್ನು ಯಾರು ಹೇಳಿದರು, ಯಾವ ಆಧಾರದಿಂದ ಹೇಳಿದರು, ಅರ್ಜುನವಾಡದ ಕಲ್ಲು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ವಿವರಿಸಲು ಒಂದು ಗಂಟೆ ಬೇಕು. ಪ್ರಶ್ನೆಗೆ ಪ್ರಶ್ನೆ, ಮಾತಿಗೆ ಮಾತು ಕೊಟ್ಟೇ ಶರಣರು ಮಂಟಪ ನಡೆಸಿದರು ಎನ್ನುವ ಸೀಮೆಯಲ್ಲಿ ಆ ಹುಡುಗನಿಗೆ ಒಂದು ಗಂಟೆ ಕೊಡುವುದು ಹೆಚ್ಚಿನದೇನಲ್ಲ.